ತದಡಿ–ಗೋಕರ್ಣ ಕಡಲಂಚಿನ ಕಣಶಿಲೆ: ಒಂದು ಭೂಚಾರಿತ್ರಿಕ ಅವಲೋಕನ

ಉತ್ತರ ಕನ್ನಡ ಜಿಲ್ಲೆಯ ಚರಿತ್ರೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಬನವಾಸಿಯ ಕದಂಬರಿಂದ ಆರಂಭಗೊಳ್ಳುತ್ತವೆ. ಶಾಸನ, ನಾಣ್ಯ, ಕೋಟೆ, ದೇವಾಲಯ ಹಾಗೂ ವಿದೇಶೀ ಪ್ರವಾಸಿಗರ ಬರಹಗಳು ಈ ಚರಿತ್ರೆಯ ಆಕರಗಳಾಗಿವೆ. ಆದರೆ ಇವೆಲ್ಲವೂ ನಿಂತಿರುವ ನೆಲಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆಗೂ ದಾಖಲೆಗಳಿವೆ. ಕುಮಟಾ ತಾಲ್ಲೂಕಿನ ತದಡಿಯಿಂದ ಗೋಕರ್ಣದವರೆಗೆ ಕಡಲಿಗೆ ಚಾಚಿ ನಿಂತಿರುವ ಬಂಡೆಗಳು ಅಂತಹ ದಾಖಲೆಗಳ ಸಾಲಿಗೆ ಸೇರಿದವು. ಈ ಬಂಡೆಗಳ ಸ್ವರೂಪವೇನು, ಅವುಗಳನ್ನು ಯಾರು ಯಾವಾಗ ಓದಲು ಯತ್ನಿಸಿದರು, ಆ ಓದು ಏಕೆ ತಡವಾಯಿತು, ಇಂದು ಅದು ಯಾವ ಹಂತದಲ್ಲಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಭೂವಿಜ್ಞಾನದ ತಾಂತ್ರಿಕ ವಿವರಗಳಿಗಿಂತ, ಆ ಜ್ಞಾನವು ರೂಪುಗೊಂಡ ಬಗೆಯ ಮೇಲೆ ಇಲ್ಲಿ ಹೆಚ್ಚು ಗಮನ ಹರಿಸಲಾಗಿದೆ.

ನೆಲೆ ಮತ್ತು ಪರಿಸರ

ಸಿರಸಿಯ ಪರಿಸರದಲ್ಲಿ ಹುಟ್ಟಿ ಘಟ್ಟವನ್ನಿಳಿದು ಬರುವ ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಉತ್ತರ ದಂಡೆಯಲ್ಲಿ ತದಡಿ ಇದೆ. ದಕ್ಷಿಣ ದಂಡೆಯಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮವಿದೆ. ಅಳಿವೆಯ ಒಳಭಾಗದಲ್ಲಿ ಮಿರ್ಜಾನ, ಸಾಣಿಕಟ್ಟಾ ಮೊದಲಾದ ಚಾರಿತ್ರಿಕ ಸ್ಥಳಗಳಿವೆ. ತದಡಿಯ ವಾಯವ್ಯಕ್ಕೆ ಗೋಕರ್ಣವೂ, ಅದರಾಚೆ ಗಂಗಾವಳಿ ನದಿಯ ಅಳಿವೆಯೂ ಇವೆ. ಹೀಗೆ ಎರಡು ನದಿಗಳ ನಡುವೆ ಸಿಕ್ಕ ಈ ಭೂಭಾಗವು ತಗ್ಗಾದ ಒಂದು ಪ್ರಸ್ಥಭೂಮಿಯಂತೆ ಕಡಲಿಗೆ ಮುಖ ಮಾಡಿ ನಿಂತಿದೆ. ಪ್ರಸ್ಥಭೂಮಿಯ ನೆತ್ತಿಯಲ್ಲಿ ಕೆಂಪು ಮುರಕಲ್ಲಿನ ಹಾಸು ಹರಡಿದೆ. ಅದರ ಪಶ್ಚಿಮದ ಅಂಚು ಕಡಿದಾಗಿ ಸಮುದ್ರಕ್ಕಿಳಿಯುವ ಕಡೆಗಳಲ್ಲಿ, ಅಲೆಗಳು ತೊಳೆದ ಬುಡದಲ್ಲಿ, ಕಪ್ಪಾಗಿ ತೋರುವ ಗಟ್ಟಿಶಿಲೆ ಹೊರಬಿದ್ದಿದೆ.

ಕಡಲಂಚಿನ ಆಕಾರವನ್ನು ನಿರ್ಧರಿಸಿರುವುದು ಈ ಗಟ್ಟಿಶಿಲೆಯೇ. ಶಿಲೆಯು ದೃಢವಾಗಿರುವಲ್ಲಿ ನೆಲವು ಮೂಗಿನಂತೆ ಮುಂದಕ್ಕೆ ಚಾಚಿದೆ. ಬಿರುಕುಗಳು ದಟ್ಟವಾಗಿರುವಲ್ಲಿ, ಶಿಲೆ ಶಿಥಿಲಗೊಂಡಿರುವಲ್ಲಿ ಸಮುದ್ರವು ಒಳನುಗ್ಗಿ ಚಿಕ್ಕ ಚಿಕ್ಕ ಬಿಲ್ಲಿನಾಕಾರದ ಮರಳದಂಡೆಗಳನ್ನು ನಿರ್ಮಿಸಿದೆ. ಗೋಕರ್ಣದ ದಕ್ಷಿಣಕ್ಕಿರುವ ಓಂ ಕಡಲತೀರವು ಇದಕ್ಕೆ ಉತ್ತಮ ನಿದರ್ಶನ. ಎರಡು ಅರ್ಧವೃತ್ತಾಕಾರದ ದಂಡೆಗಳು, ಅವುಗಳ ನಡುವೆ ಕಡಲಿಗಿಳಿದ ಒಂದು ಬಂಡೆಗಳ ಸಾಲು: ಇವು ಸೇರಿ ಪ್ರಣವಾಕ್ಷರದ ಆಕೃತಿಯನ್ನು ತಾಳಿವೆ. ಭಕ್ತರಿಗೆ ಅದು ಸಂಕೇತವಾಗಿ ಕಂಡರೆ, ಭೂವಿಜ್ಞಾನಿಗೆ ಒಂದೇ ಶಿಲಾರಾಶಿಯ ಗಟ್ಟಿ ಮತ್ತು ಮೆದು ಭಾಗಗಳ ನಕ್ಷೆಯಾಗಿ ಕಾಣುತ್ತದೆ.

ಶಿಲೆಯ ಸ್ವರೂಪ

ಈ ಬಂಡೆಗಳನ್ನು ಜನರು ಕರಿಕಲ್ಲು ಎಂದೂ, ಓದಿದವರು ಗ್ರಾನೈಟ್ ಎಂದೂ ಕರೆಯುವುದುಂಟು. ಎರಡೂ ಹೆಸರುಗಳು ಭಾಗಶಃ ಮಾತ್ರ ಸರಿ. ಉಪ್ಪುನೀರಿನ ತೇವ, ಪಾಚಿ ಹಾಗೂ ಮೇಲ್ಮೈಯ ಶಿಥಿಲತೆಯಿಂದ ಬಂಡೆಗಳು ಕಪ್ಪಾಗಿ ತೋರುತ್ತವೆ. ಹೊಸದಾಗಿ ಒಡೆದ ಮುಖವು ಬೂದು ಅಥವಾ ಬಿಳಿಮಿಶ್ರಿತ ಬೂದು ಬಣ್ಣದ್ದಾಗಿದ್ದು, ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಕಪ್ಪು ಅಭ್ರಕದ ಕಣಗಳಿಂದ ಕೂಡಿರುತ್ತದೆ. ಕಣಗಳು ಬರಿಗಣ್ಣಿಗೆ ಕಾಣುವುದರಿಂದ ಕಣಶಿಲೆ ಎಂಬ ಹೆಸರು ಒಪ್ಪುತ್ತದೆ. ಆದರೆ ತಿಳಿ ಮತ್ತು ಕಡು ಬಣ್ಣದ ಖನಿಜಗಳು ಪಟ್ಟೆಗಳಾಗಿ ಜೋಡಣೆಗೊಂಡಿರುವಲ್ಲಿ ಅದನ್ನು ನೈಸ್ ಎಂದು ಕರೆಯುವುದು ವಾಡಿಕೆ. ಭೂಗರ್ಭದ ಒತ್ತಡ ಹಾಗೂ ತಾಪಗಳಿಗೆ ಸಿಕ್ಕು ಮೂಲಶಿಲೆಯು ರೂಪಾಂತರಗೊಂಡುದರ ಗುರುತು ಈ ಪಟ್ಟೆಗಳು.

ಇನ್ನೊಂದು ಸೂಕ್ಷ್ಮವೂ ಇದೆ. ಅಡಿಗೆಮನೆಯ ಕಟ್ಟೆಗೆ ಹಾಸುವ ಕೆಂಪು, ಗುಲಾಬಿ ಬಣ್ಣದ ಗ್ರಾನೈಟುಗಳಲ್ಲಿ ಪೊಟ್ಯಾಸಿಯಂ ಅಂಶ ಹೆಚ್ಚಾಗಿರುತ್ತದೆ. ಕಾರವಾರದಿಂದ ಕುಮಟಾವರೆಗಿನ ಕರಾವಳಿಯ ತಳಶಿಲೆಯಲ್ಲಿ ಸೋಡಿಯಂಭರಿತ ಫೆಲ್ಡ್‌ಸ್ಪಾರ್ ಪ್ರಧಾನವಾಗಿದೆ. ಇಂತಹ ಶಿಲಾಸಮೂಹವನ್ನು ಟೋನಲೈಟ್, ಟ್ರೋಂಡ್‌ಜೆಮೈಟ್, ಗ್ರಾನೋಡಯೊರೈಟ್ ಎಂಬ ಮೂರು ಬಗೆಗಳಲ್ಲಿ ಗುರುತಿಸಲಾಗುತ್ತದೆ. ಈ ಮೂರೂ ಗ್ರಾನೈಟ್ ಕುಲಕ್ಕೆ ಸೇರಿದವಾದರೂ ಗ್ರಾನೈಟಿಗಿಂತ ಪ್ರಾಚೀನವಾದ ಒಂದು ಪ್ರಕ್ರಿಯೆಯನ್ನು ಸೂಚಿಸುತ್ತವೆ. ಭೂಮಿಯ ಮೊದಲ ಹೊರಪದರವಾಗಿದ್ದ ಬಸಾಲ್ಟ್ ಜಾತಿಯ ಕಪ್ಪುಶಿಲೆಯು ನೀರಿನ ಅಂಶದೊಡನೆ ಆಳಕ್ಕಿಳಿದು ಭಾಗಶಃ ಕರಗಿದಾಗ ಇಂತಹ ತಿಳಿಬಣ್ಣದ ದ್ರವ ಬೇರ್ಪಟ್ಟು ಮೇಲೇರಿ ಹೆಪ್ಪುಗಟ್ಟುತ್ತದೆ. ಖಂಡಗಳ ಮೊದಲ ತುಣುಕುಗಳು ನಿರ್ಮಾಣವಾದುದು ಈ ಬಗೆಯಲ್ಲಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಈ ತಿಳಿಶಿಲೆಯ ಒಡಲಲ್ಲಿ ಅಲ್ಲಲ್ಲಿ ಆಂಫಿಬೊಲೈಟ್ ಎಂಬ ಕಪ್ಪುಶಿಲೆಯ ತುಂಡುಗಳು ಹುದುಗಿಕೊಂಡಿವೆ. ಹುದುಗಿದ ತುಂಡು ಅದನ್ನು ಸುತ್ತುವರಿದ ಶಿಲೆಗಿಂತ ಹಳೆಯದೆಂಬುದು ಭೂವಿಜ್ಞಾನದ ಮೂಲಸೂತ್ರ. ಹಳೆಯ ದೇವಾಲಯದ ಕಂಬವನ್ನು ಹೊಸ ಗೋಡೆಯೊಳಗೆ ಸೇರಿಸಿ ಕಟ್ಟಿರುವುದನ್ನು ನೋಡಿ ಕಾಲಾನುಕ್ರಮವನ್ನು ನಿರ್ಧರಿಸುವ ಇತಿಹಾಸಕಾರನ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಕುಮಟಾ ತಾಲ್ಲೂಕಿನದೇ ಆದ ಯಾಣದ ಶಿಖರಗಳೊಡನೆ ಈ ಕಡಲಂಚಿನ ಬಂಡೆಗಳನ್ನು ಹೋಲಿಸಿ ನೋಡುವುದು ಉಚಿತ. ದೂರದಿಂದ ಎರಡೂ ಕಪ್ಪಾಗಿಯೇ ಕಾಣುತ್ತವೆ. ಆದರೆ ಭೈರವೇಶ್ವರ ಮತ್ತು ಮೋಹಿನಿ ಶಿಖರಗಳು ಸುಣ್ಣಕಲ್ಲಿನ ಜಾತಿಗೆ ಸೇರಿದವು; ಪ್ರಾಚೀನ ಸಮುದ್ರವೊಂದರ ತಳದಲ್ಲಿ ಕೂಡಿಕೊಂಡ ನಿಕ್ಷೇಪ ಗಟ್ಟಿಗೊಂಡು, ಮುಂದೆ ಮಳೆನೀರಿನಿಂದ ಕರಗಿ ಕೊರೆಯಲ್ಪಟ್ಟು ಇಂದಿನ ರೂಪ ತಾಳಿದವು. ತದಡಿಯ ಸಾಲು ಆಳದ ಶಿಲಾದ್ರವದಿಂದ ಹುಟ್ಟಿದುದು. ಒಂದೇ ತಾಲ್ಲೂಕಿನ ಮಿತಿಯಲ್ಲಿ ಇಷ್ಟು ಭಿನ್ನ ಮೂಲದ ಶಿಲೆಗಳು ಸಮೀಪವರ್ತಿಗಳಾಗಿರುವುದೇ ಈ ಪ್ರದೇಶದ ಮುಖ್ಯ ಸಮಸ್ಯೆ. ಮುಂದೆ ವಿವರಿಸಲಾಗುವ ವಿದ್ವತ್ ಚರ್ಚೆಗೂ ಇದೇ ಮೂಲ.

ಮುರಕಲ್ಲಿನ ಹೊದಿಕೆ ಮತ್ತು ಬುಕಾನನ್

ಕರಾವಳಿಯ ತಳಶಿಲೆಯ ಓದಿಗೆ ಎದುರಾದ ಮೊದಲ ಅಡ್ಡಿ ನೈಸರ್ಗಿಕವಾದುದು. ಬಿಸಿಲು ಮತ್ತು ಅಧಿಕ ಮಳೆಯ ವಾತಾವರಣದಲ್ಲಿ ಶಿಲೆಯು ಲಕ್ಷಾಂತರ ವರ್ಷಗಳ ಕಾಲ ಕೊಳೆಯುತ್ತ ಬಂದಾಗ ಅದರಲ್ಲಿನ ಕರಗುವ ಅಂಶಗಳು ಕೊಚ್ಚಿಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿಯುತ್ತವೆ. ಹೀಗೆ ಉಂಟಾಗುವುದೇ ಮುರಕಲ್ಲು ಅಥವಾ ಜಂಬಿಟ್ಟಿಗೆ. ಅದರ ಕೆಳಗೆ ಶೇಡಿಮಣ್ಣು ಎಂದು ಜನ ಕರೆಯುವ ಬಿಳಿ ಅಥವಾ ನಸುಗೆಂಪಿನ ಜೇಡಿ ಪದರವಿರುತ್ತದೆ. ಮನೆಯ ಗೋಡೆ ಸಾರಿಸಲು, ಹಸೆ ಬರೆಯಲು ಮಲೆನಾಡಿನ ಹೆಣ್ಣುಮಕ್ಕಳು ಬಳಸುತ್ತ ಬಂದಿರುವುದು ಇದನ್ನೇ. ಶೇಡಿಯ ಕೆಳಗೆ ಅರೆಕೊಳೆತ ಶಿಲೆ, ಅದರ ಕೆಳಗೆ ಗಟ್ಟಿಶಿಲೆ. ಆದುದರಿಂದ ಒಳನಾಡಿನ ಬಯಲುಸೀಮೆಯಲ್ಲಿ ಕಣ್ಣೆದುರಿಗೇ ಬಿದ್ದಿರುವ ತಳಶಿಲೆಯು ಕರಾವಳಿಯಲ್ಲಿ ಕಾಣಸಿಗುವುದು ಅಲೆಗಳು ತೊಳೆದ ಕಡಲಂಚಿನಲ್ಲಿ, ಹೊಳೆಯ ಪಾತ್ರದಲ್ಲಿ ಅಥವಾ ಮನುಷ್ಯ ಕಡಿದ ಗುಡ್ಡದಲ್ಲಿ ಮಾತ್ರ.

ಟಿಪ್ಪು ಸುಲ್ತಾನನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ಹೊಸದಾಗಿ ಕೈಸೇರಿದ ಪ್ರದೇಶಗಳ ಸಮೀಕ್ಷೆಗಾಗಿ ಫ್ರಾನ್ಸಿಸ್ ಬುಕಾನನ್‌ನನ್ನು ನಿಯೋಜಿಸಿತು. 1800ರಲ್ಲಿ ಮದರಾಸಿನಿಂದ ಹೊರಟ ಆತ ಮೈಸೂರು, ಮಲಬಾರುಗಳನ್ನು ಸುತ್ತಿ 1801ರ ಆರಂಭದ ತಿಂಗಳುಗಳಲ್ಲಿ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಹೊನ್ನಾವರ, ಮಿರ್ಜಾನ, ಗೋಕರ್ಣ, ಅಂಕೋಲಾ ಮಾರ್ಗವಾಗಿ ಸಂಚರಿಸಿದನು. ಬೆಳೆ, ಕಂದಾಯ, ಜಾತಿ, ವ್ಯಾಪಾರಗಳೊಡನೆ ಮಣ್ಣು ಮತ್ತು ಕಲ್ಲುಗಳನ್ನೂ ಆತ ಗಮನಿಸಿದನು. ಆತನ ಪ್ರವಾಸಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಲ್ಯಾಟರೈಟ್ ಎಂಬ ಶಬ್ದವನ್ನು ಜಗತ್ತಿನ ಭೂವಿಜ್ಞಾನಕ್ಕೆ ಕೊಟ್ಟುದು ಈ ಗ್ರಂಥವೇ. ಮಲಬಾರಿನ ಅಂಗಡಿಪುರಂನಲ್ಲಿ ಕಂಡ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದವನ್ನು ಆಧರಿಸಿ ಆತ ಈ ಹೆಸರಿಟ್ಟನು. ದೇಶಭಾಷೆಗಳಲ್ಲಿ ಆ ಕಲ್ಲಿಗೆ ಇಟ್ಟಿಗೆಕಲ್ಲು ಎಂಬ ಹೆಸರೇ ರೂಢಿಯಲ್ಲಿದ್ದುದನ್ನು ಆತನೇ ದಾಖಲಿಸಿದ್ದಾನೆ. ಕನ್ನಡದ ಜಂಬಿಟ್ಟಿಗೆ ಎಂಬ ಪದದಲ್ಲಿಯೂ ಇಟ್ಟಿಗೆ ಇರುವುದು ಗಮನಾರ್ಹ. ಅಂದರೆ ಅಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ನಮ್ಮ ಕಲ್ಲುಕುಟಿಗರು ಮೊದಲೇ ಗುರುತಿಸಿ ಹೆಸರಿಸಿದ್ದರು. ಬುಕಾನನ್ ಅದಕ್ಕೆ ಲ್ಯಾಟಿನ್ ರೂಪವನ್ನು ಕೊಟ್ಟನು.

ಆದರೆ ಈ ಕೀರ್ತಿಯೇ ಒಂದು ಪರಿಣಾಮವನ್ನೂ ಉಂಟುಮಾಡಿತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಪಶ್ಚಿಮ ಕರಾವಳಿಯ ಭೂವಿಜ್ಞಾನವೆಂದರೆ ಮುಖ್ಯವಾಗಿ ಮುರಕಲ್ಲಿನ ಹುಟ್ಟನ್ನು ಕುರಿತ ಚರ್ಚೆಯಾಯಿತು. ಹೊದಿಕೆಯ ಮೇಲೆ ನೆಟ್ಟ ದೃಷ್ಟಿ ಅದರಡಿಯ ಶಿಲೆಯತ್ತ ಅಷ್ಟಾಗಿ ಹೊರಳಲಿಲ್ಲ.

ಆಡಳಿತದ ಗಡಿಗಳು ಮತ್ತು ಜ್ಞಾನದ ಗಡಿಗಳು

ಎರಡನೆಯ ಅಡ್ಡಿ ಮಾನವನಿರ್ಮಿತ. 1799ರ ನಂತರ ಕನ್ನಡ ಜಿಲ್ಲೆಯು ಮದರಾಸು ಪ್ರಾಂತದ ಆಡಳಿತದಲ್ಲಿತ್ತು. ಮುಂದೆ ಅದು ವಿಭಜನೆಗೊಂಡು, 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಘಟ್ಟದ ಮೇಲಿನ ಮೈಸೂರು ಸಂಸ್ಥಾನ ಬೇರೆ. ಉತ್ತರದಲ್ಲಿ ಪೋರ್ಚುಗೀಸರ ಗೋವಾ ಬೇರೆ. ಒಂದೇ ಶಿಲಾಸ್ತೋಮವು ನಾಲ್ಕು ಆಡಳಿತಗಳಲ್ಲಿ ಹಂಚಿಹೋಯಿತು.

1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಪರವಾಗಿ ದಕ್ಷಿಣ ಮರಾಠಾ ಪ್ರದೇಶವನ್ನು ಸಮೀಕ್ಷಿಸಿದವನು ರಾಬರ್ಟ್ ಬ್ರೂಸ್ ಫೂಟ್. ಅವನ ವರದಿ 1876ರಲ್ಲಿ ಪ್ರಕಟವಾಯಿತು. ಬೆಳಗಾವಿ, ಧಾರವಾಡ, ಕಲಾದಗಿಗಳ ಬಯಲು ಅವನ ಮುಖ್ಯ ಕ್ಷೇತ್ರವಾಗಿತ್ತು. 1880ರ ದಶಕದಲ್ಲಿ ಅವನು ರೂಪಾಂತರಿತ ಶಿಲೆಗಳ ಒಂದು ಮಹಾಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟನು. ಕನ್ನಡನಾಡಿನ ಊರೊಂದರ ಹೆಸರು ಜಗತ್ತಿನ ಭೂವಿಜ್ಞಾನದ ಪರಿಭಾಷೆಗೆ ಸೇರಿತು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥನಾದವನೂ ಫೂಟನೇ. ಅನಂತರ ಡಬ್ಲ್ಯೂ. ಎಫ್. ಸ್ಮೀತ್, ಬಿ. ರಾಮರಾವ್ ಮೊದಲಾದವರು ಸಂಸ್ಥಾನದ ಶಿಲೆಗಳನ್ನು ಸೂಕ್ಷ್ಮವಾಗಿ ಅಧ್ಯಯನ ಮಾಡಿದರು. ಬಿ. ಪಿ. ರಾಧಾಕೃಷ್ಣ ಅವರು ಕ್ಲೋಸ್‌ಪೇಟೆ, ಎಂದರೆ ಇಂದಿನ ರಾಮನಗರದ ಗ್ರಾನೈಟುಗಳನ್ನು ಕುರಿತು ಮಾಡಿದ ಅಧ್ಯಯನವು 1950ರ ದಶಕದಲ್ಲಿ ಪ್ರಕಟವಾಯಿತು. ಆದರೆ ಈ ಇಲಾಖೆಯ ಕಾರ್ಯವ್ಯಾಪ್ತಿ ಸಂಸ್ಥಾನದ ಗಡಿಯಲ್ಲಿಯೇ ನಿಲ್ಲುತ್ತಿತ್ತು. ಜೋಗದವರೆಗೆ ಬಂದ ಮೈಸೂರಿನ ನಕ್ಷೆ ಗೇರುಸೊಪ್ಪೆಯನ್ನು ಇಳಿಯಲಿಲ್ಲ. ಮುಂಬಯಿ ಪ್ರಾಂತದ ದೃಷ್ಟಿಯಲ್ಲಿ ಉತ್ತರ ಕನ್ನಡವು ದೂರದ ಒಂದು ಅರಣ್ಯ ಜಿಲ್ಲೆ. 1883ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗ್ಯಾಸೆಟಿಯರಿನ ಹದಿನೈದನೆಯ ಸಂಪುಟವು ಜಿಲ್ಲೆಯ ಸಮಗ್ರ ವಿವರಗಳನ್ನು ನೀಡಿದರೂ ಗಣಿ ಸಂಪತ್ತಿನ ಆಕರ್ಷಣೆಯಿಲ್ಲದ ಈ ಕಡಲಂಚಿನ ಶಿಲೆಗಳಿಗೆ ಮೈಸೂರಿನಲ್ಲಿ ದೊರೆತಂತಹ ಅಧ್ಯಯನ ದೊರೆಯಲಿಲ್ಲ.

ಶಾಸನಗಳ ವಿಷಯದಲ್ಲಿಯೂ ಹೀಗೆಯೇ ಆದುದನ್ನು ಇಲ್ಲಿ ನೆನೆಯಬೇಕು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ಮೈಸೂರು ಮತ್ತು ಕೊಡಗುಗಳ ಶಾಸನಗಳನ್ನು ವಿದ್ವತ್ ಲೋಕದ ಮುಂದಿಟ್ಟವು. ಉತ್ತರ ಕನ್ನಡದ ಶಾಸನಗಳ ವ್ಯವಸ್ಥಿತ ಪ್ರಕಟಣೆಗೆ 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯೇ ಮೊದಲಾದವುಗಳ ಶ್ರಮಕ್ಕಾಗಿ ಕಾಯಬೇಕಾಯಿತು. ಕಲ್ಲಿನ ಮೇಲಿನ ಬರಹಕ್ಕೂ ಕಲ್ಲಿಗೂ ಒಂದೇ ಗತಿಯಾಯಿತು. 1956ರ ನವೆಂಬರ್ 1ರಂದು ಏಕೀಕರಣವಾದಾಗ ಕನ್ನಡ ನಾಡಿನ ಭಾಷೆ, ಆಡಳಿತಗಳು ಒಂದಾದುದನ್ನು ನಾವು ಸ್ಮರಿಸುತ್ತೇವೆ. ಘಟ್ಟದ ಮೇಲಿನ ಮತ್ತು ಕೆಳಗಿನ ಶಿಲೆಗಳನ್ನು ಒಂದೇ ರಾಜ್ಯದ ನಕ್ಷೆಯಲ್ಲಿ ಕೂಡಿಸಿ ನೋಡುವ ಅವಕಾಶವೂ ಅಂದಿನಿಂದಲೇ ದೊರೆಯಿತು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗವು ಮುರಕಲ್ಲಿನ ಗುಡ್ಡಗಳನ್ನು ಕಡಿದು, ಸುರಂಗಗಳನ್ನು ಕೊರೆದು ಸಾಗಿದುದರಿಂದ ಅದುವರೆಗೆ ಮರೆಯಲ್ಲಿದ್ದ ಶಿಲೆಗಳು ಅನೇಕ ಕಡೆ ಬೆಳಕು ಕಂಡವು.

ಕುಮಟಾ ಪಟ್ಟಿ: ಒಂದು ವಾದ, ಒಂದು ಪ್ರತಿವಾದ

2013ರಲ್ಲಿ ಸಿ. ಈಶ್ವರ್ ಕುಮಾರ್, ಬ್ರಯನ್ ವಿಂಡ್ಲಿ, ಕೆ. ಸಜೀವ್ ಮತ್ತು ಜಪಾನಿನ ಸಹಸಂಶೋಧಕರು ಪ್ರಕಟಿಸಿದ ಪ್ರಬಂಧದಿಂದ ಕುಮಟಾದ ಹೆಸರು ಅಂತರರಾಷ್ಟ್ರೀಯ ಭೂವಿಜ್ಞಾನದ ಚರ್ಚೆಗೆ ಪ್ರವೇಶಿಸಿತು. ಅವರ ವಾದದ ಸಾರ ಹೀಗಿದೆ. ಕುಮಟಾದ ಮೂಲಕ ಸುಮಾರು 15 ಕಿ.ಮೀ. ಅಗಲದ ಒಂದು ಪಟ್ಟಿ ಹಾದುಹೋಗುತ್ತದೆ. ಅದರಲ್ಲಿ ಹಾಳೆಹಾಳೆಯಾಗಿ ಸೀಳುವ ಶಿಸ್ಟ್ ಶಿಲೆಗಳೂ ಅಮೃತಶಿಲೆಯೂ ಇವೆ. ಈ ಪಟ್ಟಿಯ ಪಶ್ಚಿಮಕ್ಕೆ, ಕಡಲ ಕಡೆಗೆ, ಅವರು ಕಾರವಾರ ಖಂಡವೆಂದು ಕರೆದ ಕಣಶಿಲೆಯ ನೆಲವಿದೆ. ಪೂರ್ವಕ್ಕೆ, ಸಿರಸಿಯ ಕಡೆಗೆ, ಧಾರವಾಡ ಖಂಡದ ಸುಮಾರು 257 ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಮೇಲೆ ಸುಣ್ಣಕಲ್ಲು, ಜೇಡಿಶಿಲೆ, ಮರಳುಕಲ್ಲುಗಳ ಹೆಚ್ಚು ಕದಲದ ಪದರಗಳಿವೆ. ಎರಡು ಭಿನ್ನ ಭೂಖಂಡಗಳ ನಡುವಣ ಸಾಗರವು ಮುಚ್ಚಿಹೋಗಿ ಅವು ಕೂಡಿಕೊಂಡ ಬೆಸುಗೆಯ ಗೆರೆಯೇ ಕುಮಟಾ ಪಟ್ಟಿ ಎಂಬುದು ಅವರ ತೀರ್ಮಾನ. ಈ ಬೆಸುಗೆಯು ಮಡಗಾಸ್ಕರ್ ದ್ವೀಪದ ಪೂರ್ವಭಾಗದ ಬೆಟ್ಸಿಮಿಸರಾಕ ಎಂಬ ಪಟ್ಟಿಯ ಮುಂದುವರಿಕೆಯಾಗಿರಬಹುದೆಂದೂ ಅವರು ಸೂಚಿಸಿದರು.

ಈ ವಾದಕ್ಕೆ ಆಧಾರವಾದ ಕಾಲನಿರ್ಣಯ ಕ್ರಮವನ್ನು ಸಂಕ್ಷೇಪವಾಗಿ ತಿಳಿಯುವುದು ಅಗತ್ಯ. ಕಣಶಿಲೆಯಲ್ಲಿ ಜಿರ್ಕಾನ್ ಎಂಬ ಅತಿ ಚಿಕ್ಕ ಹರಳುಗಳಿರುತ್ತವೆ. ಅವು ಹುಟ್ಟುವಾಗ ಯುರೇನಿಯಂ ಅನ್ನು ಸೇರಿಸಿಕೊಳ್ಳುತ್ತವೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತವೆ. ಯುರೇನಿಯಂ ನಿಶ್ಚಿತ ವೇಗದಲ್ಲಿ ಸೀಸವಾಗಿ ಮಾರ್ಪಡುವುದರಿಂದ ಎರಡರ ಪ್ರಮಾಣವನ್ನು ಅಳೆದು ಹರಳಿನ ವಯಸ್ಸನ್ನು ನಿರ್ಧರಿಸಬಹುದು. ಕಾರವಾರ ಖಂಡದ ಕಣಶಿಲೆಗೆ ಹೀಗೆ ದೊರೆತ ವಯಸ್ಸು ಸುಮಾರು 320 ಕೋಟಿ ವರ್ಷ. ಅಪರೂಪದ ಒಂದು ಹರಳಿನ ತಿರುಳು ಸುಮಾರು 360 ಕೋಟಿ ವರ್ಷಗಳಷ್ಟು ಹಳೆಯದೆಂದು ತಿಳಿದುಬಂದಿದೆ. ಇದಕ್ಕೆ ಭಿನ್ನವಾಗಿ, ಕಪ್ಪು ಅಭ್ರಕದಲ್ಲಿನ ಪೊಟ್ಯಾಸಿಯಂ ಆರ್ಗಾನ್ ಆಗಿ ಮಾರ್ಪಡುವುದನ್ನು ಅಳೆದರೆ ದೊರೆಯುವುದು ಶಿಲೆಯ ಹುಟ್ಟಿನ ಕಾಲವಲ್ಲ, ಅದು ಆಳದಿಂದ ಮೇಲೇರಿ ತಣಿದ ಕಾಲ. ಕುಮಟಾ ಪಟ್ಟಿಯ ಶಿಸ್ಟ್ ಶಿಲೆಗಳಿಗೆ ಈ ಕ್ರಮದಲ್ಲಿ ದೊರೆತುದು ಸುಮಾರು 133ರಿಂದ 138 ಕೋಟಿ ವರ್ಷ. ಕಾರವಾರ ಖಂಡದ ಕಣಶಿಲೆಯ ಅಭ್ರಕಕ್ಕೆ ದೊರೆತುದು ಸುಮಾರು 175ರಿಂದ 180 ಕೋಟಿ ವರ್ಷ. ಹುಟ್ಟಿನ ಕಾಲ ಮತ್ತು ತಣಿದ ಕಾಲಗಳ ನಡುವಣ ಈ ಅಂತರವನ್ನು ಹೇಗೆ ಅರ್ಥೈಸಬೇಕೆಂಬುದರಲ್ಲಿಯೇ ವಾದದ ಜೀವಾಳವಿದೆ.

2018ರಲ್ಲಿ ಶೆರೀ ಆರ್ಮಿಸ್ಟೆಡ್, ಅಲನ್ ಕಾಲಿನ್ಸ್ ಮತ್ತು ಸಂಗಡಿಗರು ಕುಮಟಾ ಬೆಸುಗೆಯ ಮರುಪರಿಶೀಲನೆಯನ್ನು ಪ್ರಕಟಿಸಿದರು. ಕಾರವಾರ ಪ್ರದೇಶದ ಐದು ರೂಪಾಂತರಿತ ನಿಕ್ಷೇಪಶಿಲೆಗಳಲ್ಲಿನ ಜಿರ್ಕಾನುಗಳನ್ನು ಅವರು ಅಳೆದರು. ಅವುಗಳ ವಯಸ್ಸು ಮುಖ್ಯವಾಗಿ ಎರಡು ಗುಂಪುಗಳಾಗಿ ಕಂಡುಬಂದಿತು: ಸುಮಾರು 310 ಕೋಟಿ ಮತ್ತು ಸುಮಾರು 250 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್‌ಗಳಲ್ಲಿ ಅದುವರೆಗೆ ನಡೆದಿದ್ದ 7,000ಕ್ಕೂ ಹೆಚ್ಚು ಅಳತೆಗಳೊಡನೆ ಇವನ್ನು ಹೋಲಿಸಿ, ಕಾರವಾರ ಖಂಡವು ಬೇರೊಂದು ಭೂಖಂಡವಲ್ಲ, ಪಶ್ಚಿಮ ಧಾರವಾಡ ಖಂಡದ್ದೇ ಮುಂದುವರಿಕೆ ಎಂದು ಅವರು ಪ್ರತಿಪಾದಿಸಿದರು. ಈ ದೃಷ್ಟಿಯಲ್ಲಿ ತದಡಿಯ ಬಂಡೆಗೂ ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೂ ನಡುವೆ ಕಳೆದುಹೋದ ಸಾಗರವಿಲ್ಲ. ಅವು ಒಂದೇ ಮನೆಯ ಹಿರಿಯ ಕಿರಿಯರು.

ಈ ಎರಡು ಅಭಿಪ್ರಾಯಗಳು ವಿರೋಧಿಸುವ ಅಂಶಗಳಷ್ಟೇ ಒಪ್ಪುವ ಅಂಶಗಳೂ ಮುಖ್ಯ. ಕರಾವಳಿಯ ಕಣಶಿಲೆ ಮುನ್ನೂರು ಕೋಟಿ ವರ್ಷಗಳಿಗೂ ಹಿಂದಿನದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಈಶಾನ್ಯ ಮಡಗಾಸ್ಕರಿನ ಅಂಟೊಂಗಿಲ್ ಪ್ರದೇಶದಲ್ಲಿ ಇದೇ ಕಾಲದ, ಇದೇ ಬಗೆಯ ಶಿಲೆಗಳಿದ್ದು ಅದು ಒಮ್ಮೆ ನಮ್ಮ ಕರಾವಳಿಗೆ ಅಂಟಿಕೊಂಡಿತ್ತೆಂಬುದನ್ನೂ ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ವಿವಾದವಿರುವುದು ಕುಮಟಾದ ಪಟ್ಟಿ ಎರಡು ಖಂಡಗಳ ಬೆಸುಗೆಯೋ ಅಥವಾ ಒಂದೇ ಖಂಡದೊಳಗಿನ ಒತ್ತಡಕ್ಕೆ ಸಿಕ್ಕ ವಲಯವೋ ಎಂಬುದರಲ್ಲಿ. ಪ್ರಬಂಧಕಾರನ ದೃಷ್ಟಿಯಲ್ಲಿ, ಹರಳುಗಳ ಹೆಚ್ಚು ವಿಸ್ತಾರವಾದ ಹೋಲಿಕೆಯನ್ನು ಆಧರಿಸಿದ ಎರಡನೆಯ ಅಭಿಪ್ರಾಯ ಸದ್ಯಕ್ಕೆ ಹೆಚ್ಚು ಬಲವಾಗಿದೆ. ಆದರೆ ಶಿಸ್ಟ್ ಶಿಲೆಗಳು ಆಳಕ್ಕಿಳಿದು ಅಷ್ಟು ತಡವಾಗಿ ತಣಿದುದಕ್ಕೆ ಕಾರಣವೇನೆಂಬ ಪ್ರಶ್ನೆ ಅದರಿಂದ ಪೂರ್ತಿಯಾಗಿ ಪರಿಹಾರವಾಗುವುದಿಲ್ಲ. ಉತ್ತರ ದೊರೆಯಬೇಕಾದುದು ಕುಮಟಾ, ಅಂಕೋಲಾ ತಾಲ್ಲೂಕುಗಳ ಬಂಡೆಗಳಿಂದಲೇ.

ಕಡಲು ತೆರೆದ ಕಾಲ

ಮಡಗಾಸ್ಕರ್ ಬೇರ್ಪಟ್ಟ ಕಾಲದ ಸಾಕ್ಷಿ ಉಡುಪಿಯ ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪಗಳಲ್ಲಿದೆ. ಅಲ್ಲಿನ ಕಂಬದಾಕಾರದ ಶಿಲೆಗಳು ಲಾವಾರಸದಿಂದ ಆದವು. ಅವುಗಳ ವಯಸ್ಸನ್ನು ವಿವಿಧ ಅಧ್ಯಯನಗಳು 8.5ರಿಂದ 9.3 ಕೋಟಿ ವರ್ಷಗಳೆಂದು ನಿರ್ಣಯಿಸಿವೆ. ರಾಸಾಯನಿಕವಾಗಿ ಆ ಶಿಲೆ ಗ್ರಾನೈಟಿಗೆ ಸಮೀಪವಾದುದು. ಆಳದಲ್ಲಿ ನಿಧಾನವಾಗಿ ತಣಿದಿದ್ದರೆ ಅದು ಕಣಶಿಲೆಯೇ ಆಗುತ್ತಿತ್ತು. ಮೇಲ್ಮೈಯಲ್ಲಿ ಬೇಗ ತಣಿದುದರಿಂದ ಸಂಕೋಚಗೊಂಡು ಬಹುಭುಜಗಳ ಕಂಬಗಳಾಗಿ ಬಿರಿಯಿತು. ಅಂದರೆ ತದಡಿಯ ಶಿಲೆ ಈ ಕರಾವಳಿಯ ನೆಲ ಹುಟ್ಟಿದ ಕಾಲವನ್ನು ಹೇಳಿದರೆ, ಮಲ್ಪೆಯ ಶಿಲೆ ಅದು ಕರಾವಳಿಯಾಗತೊಡಗಿದ ಕಾಲವನ್ನು ಹೇಳುತ್ತದೆ.

ಇಂದಿನ ಅಳಿವೆಯು ಇವೆರಡಕ್ಕೂ ಹೋಲಿಸಿದರೆ ನಿನ್ನೆ ಮೊನ್ನೆಯದು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉತ್ಕರ್ಷದಲ್ಲಿ, ಸಮುದ್ರಮಟ್ಟವು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ದಡವು ಪಶ್ಚಿಮಕ್ಕೆ ಬಹುದೂರದಲ್ಲಿತ್ತು. ಹಿಮ ಕರಗಿ ಸಮುದ್ರ ಏರಿದಾಗ ಅಘನಾಶಿನಿಯ ಕಣಿವೆಯ ಕೆಳಭಾಗ ಮುಳುಗಿ ಇಂದಿನ ವಿಶಾಲವಾದ ಅಳಿವೆಯಾಯಿತು. ಗೋಕರ್ಣವನ್ನು ಪರಶುರಾಮ ಕ್ಷೇತ್ರದೊಡನೆ ಜೋಡಿಸುವ, ಸಮುದ್ರವು ನೆಲವನ್ನು ಬಿಟ್ಟುಕೊಟ್ಟಿತೆನ್ನುವ ಪುರಾಣಕಥೆಯನ್ನು ಇದಕ್ಕೆ ನೇರ ಸಾಕ್ಷಿಯಾಗಿ ಎಳೆದು ತರುವುದು ಸಲ್ಲದು. ಆದರೆ ಕಡಲ ಅಂಚು ಸ್ಥಿರವಲ್ಲವೆಂಬ ಕರಾವಳಿಯ ಜನರ ಅನುಭವ ಆ ಕಥೆಯ ಹಿಂದೆ ಇರಬಹುದು.

ಶಿಲೆ ಮತ್ತು ಜನಜೀವನ

ಈ ಶಿಲಾರಚನೆ ಪ್ರದೇಶದ ಆರ್ಥಿಕ ಚರಿತ್ರೆಯನ್ನೂ ರೂಪಿಸಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವನ್ನಿಳಿದು ಕುಮಟಾ ಬಂದರಿನಿಂದ ಸಾಗಣೆಯಾಗುತ್ತಿತ್ತು. ಕುಮಟಾ ಹತ್ತಿ ಎಂಬ ಹೆಸರು ವ್ಯಾಪಾರಿಗಳಲ್ಲಿ ನೆಲೆಗೊಂಡುದು ಹಾಗೆ. ಆದರೆ ಕುಮಟಾದ ಕಡಲು ತೆರೆದುದು. ಮಳೆಗಾಲದಲ್ಲಿ ಹಡಗುಗಳಿಗೆ ಆಸರೆಯಿರಲಿಲ್ಲ. ಬಂಡೆಗುಡ್ಡಗಳ ಮರೆಯಲ್ಲಿದ್ದ ತದಡಿಯ ಅಳಿವೆಗೆ ಆಸರೆಯಿದ್ದರೂ ಅದರ ಬಾಯಿಯಲ್ಲಿ ಮರಳದಿಬ್ಬವಿತ್ತು. ಗುಡ್ಡ ಮತ್ತು ದ್ವೀಪಗಳ ರಕ್ಷಣೆಯೊಡನೆ ಆಳವಾದ ನೀರೂ ಇದ್ದ ಕಾರವಾರವು ಮೇಲುಗೈ ಪಡೆದುದು ಸಹಜವಾಗಿತ್ತು. ಅಳಿವೆಯ ಒಳಗೆ ಸಾಣಿಕಟ್ಟಾದ ಉಪ್ಪಿನಾಗರಗಳು, ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ, ಚಿಪ್ಪುಗಳನ್ನು ಸುಟ್ಟು ತೆಗೆಯುವ ಸುಣ್ಣ, ಮೀನುಗಾರಿಕೆ ಇವೆಲ್ಲವೂ ಮುಳುಗಿದ ಕಣಿವೆಯ ಕೊಡುಗೆಗಳು.

ಕಟ್ಟಡ ಮತ್ತು ಶಿಲ್ಪಗಳಲ್ಲಿಯೂ ಶಿಲೆಯ ಭೇದವನ್ನು ಕಾಣಬಹುದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಜೋಡಿಕೊಂಡಿರುವ ಮಿರ್ಜಾನ ಕೋಟೆ ಮುರಕಲ್ಲಿನದು. ಕಡಿಯಲು ಸುಲಭವಾದ, ಆದರೆ ರಂಧ್ರಮಯವಾದ ಮುರಕಲ್ಲು ಗೋಡೆಗೆ ಒದಗುತ್ತದೆಯೇ ಹೊರತು ಅಕ್ಷರಗಳನ್ನು ಹಿಡಿದಿಡುವುದಿಲ್ಲ. ಶಾಸನಕ್ಕೂ ಮೂರ್ತಿಗೂ ಗಟ್ಟಿಯಾದ, ನಯಗೊಳ್ಳುವ ಶಿಲೆ ಬೇಕಾಗುತ್ತಿತ್ತು. ಕರಾವಳಿಯ ಶಾಸನಗಳ ಅಧ್ಯಯನದಲ್ಲಿ ಪಾಠದೊಡನೆ ಶಿಲೆಯ ಜಾತಿಯನ್ನೂ ದಾಖಲಿಸಿದರೆ ಕಲ್ಲಿನ ಸಾಗಾಟ, ಕುಶಲಕರ್ಮಿಗಳ ಸಂಚಾರಗಳ ಬಗೆಗೆ ಹೊಸ ಮಾಹಿತಿ ದೊರೆಯುವ ಸಾಧ್ಯತೆಯಿದೆ.

ದಾಖಲೆಯ ರಕ್ಷಣೆ

ಕರ್ನಾಟಕದಲ್ಲಿ ನಾಲ್ಕು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿವೆ: ಲಾಲ್‌ಬಾಗಿನ ಪರ್ಯಾಯದ್ವೀಪ ನೈಸ್, ಸೇಂಟ್ ಮೇರಿ ದ್ವೀಪದ ಕಂಬಶಿಲೆಗಳು, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬುಲಾವಾ ಹಾಗೂ ಕೋಲಾರ ಪ್ರದೇಶದ ಜ್ವಾಲಾಮುಖಿ ಶಿಲೆಗಳು. ಉತ್ತರ ಕನ್ನಡದ ಯಾವ ಶಿಲೆಗೂ ಈ ಮನ್ನಣೆ ದೊರೆತಿಲ್ಲ. ಅಘನಾಶಿನಿ ಅಳಿವೆಯು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದುದನ್ನು 2024ರಲ್ಲಿ ಪ್ರಕಟಿಸಲಾಯಿತು. ಅದು ಸಂತೋಷದ ಸಂಗತಿ. ಆದರೆ ಆ ಮನ್ನಣೆ ನೀರು ಮತ್ತು ಜೀವಿಗಳಿಗೆ ಸಂದುದು. ಅಳಿವೆಯ ಕಾವಲಿಗೆ ನಿಂತ ಬಂಡೆಗಳಿಗಲ್ಲ. ಭೂಪರಂಪರೆಯ ತಾಣಗಳ ರಕ್ಷಣೆಗಾಗಿ ಕೇಂದ್ರ ಗಣಿ ಸಚಿವಾಲಯವು 2022ರ ಡಿಸೆಂಬರಿನಲ್ಲಿ ಕರಡು ಮಸೂದೆಯೊಂದನ್ನು ಪ್ರಕಟಿಸಿ ಸಾರ್ವಜನಿಕ ಅಭಿಪ್ರಾಯವನ್ನು ಆಹ್ವಾನಿಸಿತ್ತು. ಶಿಲೆಗಳೂ ಪರಂಪರೆಯ ಅಂಗವೆಂಬ ತಿಳಿವಳಿಕೆಯತ್ತ ಅದೊಂದು ಹೆಜ್ಜೆ.

ಕರಾವಳಿಯಲ್ಲಿ ರಸ್ತೆ, ಬಂದರು, ಅಲೆತಡೆ, ವಸತಿಗೃಹಗಳ ನಿರ್ಮಾಣಕ್ಕೆ ಕಲ್ಲು ಬೇಕು, ಜಾಗವೂ ಬೇಕು. ಇವನ್ನು ಬೇಡವೆನ್ನಲಾಗದು. ಆದರೆ ತಳಶಿಲೆಯು ಕಾಣಸಿಗುವ ಎಡೆಗಳೇ ವಿರಳವಾಗಿರುವ ಈ ಸೀಮೆಯಲ್ಲಿ ಒಂದು ಸಂಧಿಸ್ಥಾನವನ್ನು ಒಡೆದು ಹಾಕಿದರೆ ಅಥವಾ ಕಾಂಕ್ರೀಟಿನಿಂದ ಮುಚ್ಚಿದರೆ, ಅದಕ್ಕೆ ಬದಲಿಯಾಗಿ ಇನ್ನೊಂದನ್ನು ಹುಡುಕಲಾಗದು. ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡುದನ್ನು ಕಂಡು ಮರುಗುವ ನಾವು ಇದನ್ನು ನಷ್ಟವೆಂದೇ ಎಣಿಸುತ್ತಿಲ್ಲ.

ಈ ವಿಷಯ ವಿದ್ವತ್ತಿಗೆ ಮಾತ್ರ ಸಂಬಂಧಿಸಿದುದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡವು ಭಾರಿ ಮಳೆಯಲ್ಲಿ ಕುಸಿದು ಗಂಗಾವಳಿ ನದಿಯವರೆಗೆ ಜಾರಿತು. ರಸ್ತೆಬದಿಯ ಅಂಗಡಿಯಲ್ಲಿದ್ದವರೂ ದಾರಿಹೋಕರೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ತದಡಿಯಿಂದ ಆ ಸ್ಥಳ ದೂರವೇನಲ್ಲ. ಮುರಕಲ್ಲು, ಶೇಡಿ, ಅರೆಕೊಳೆತ ಶಿಲೆ, ಗಟ್ಟಿಶಿಲೆ ಎಂಬ ಅನುಕ್ರಮವು ಈ ಸೀಮೆಯ ಗುಡ್ಡಗಳಿಗೆ ಸಾಮಾನ್ಯವಾದುದು. ನೀರು ಕುಡಿದ ಶೇಡಿ ಜಾರುತ್ತದೆ. ಬುಡವನ್ನು ನೇರವಾಗಿ ಕಡಿದ ಗುಡ್ಡಕ್ಕೆ ಆಸರೆಯಿರುವುದಿಲ್ಲ. ಬಾವಿ ತೋಡುವವನು, ಕಲ್ಲು ತೆಗೆಯುವವನು ಅನುಭವದಿಂದ ಬಲ್ಲ ಈ ಸಂಗತಿ, ಯಾವ ಗುಡ್ಡದಲ್ಲಿ ಯಾವ ಪದರ ಎಷ್ಟು ಆಳಕ್ಕಿದೆ ಎಂಬ ನಕ್ಷೆಯ ರೂಪದಲ್ಲಿ ಗ್ರಾಮಮಟ್ಟದವರೆಗೆ ಲಭ್ಯವಾಗಬೇಕು.

ಉಪಸಂಹಾರ

ತದಡಿ–ಗೋಕರ್ಣ ಕಡಲಂಚಿನ ಕಣಶಿಲೆಯು ಕರ್ನಾಟಕದ ಅತ್ಯಂತ ಪ್ರಾಚೀನ ನೆಲದ ಭಾಗವಾಗಿದ್ದು, ಭಾರತ ಮತ್ತು ಮಡಗಾಸ್ಕರ್‌ಗಳ ಸಂಬಂಧವನ್ನು ನಿರ್ಧರಿಸುವ ಚರ್ಚೆಯಲ್ಲಿ ಮುಖ್ಯ ಸಾಕ್ಷಿಯಾಗಿದೆ. ಮುರಕಲ್ಲಿನ ಹೊದಿಕೆ ಮತ್ತು ವಸಾಹತುಕಾಲದ ಆಡಳಿತದ ಗಡಿಗಳು ಅದರ ಅಧ್ಯಯನವನ್ನು ಬಹುಕಾಲ ತಡೆದವು. ಏಕೀಕರಣಾನಂತರದ ಸಮೀಕ್ಷೆಗಳು ಮತ್ತು ಇತ್ತೀಚಿನ ಕಾಲನಿರ್ಣಯ ವಿಧಾನಗಳು ಆ ತಡೆಯನ್ನು ನಿವಾರಿಸಿವೆ. ಆದರೆ ಅಧ್ಯಯನ ವೇಗ ಪಡೆದ ಈ ಕಾಲದಲ್ಲಿಯೇ ಆಕರಗಳು ಕಣ್ಮರೆಯಾಗುವ ಅಪಾಯ ಹೆಚ್ಚಿದೆ. ಆದುದರಿಂದ ಕಾರವಾರದಿಂದ ಭಟ್ಕಳದವರೆಗಿನ ಕಡಲಂಚಿನ ಶಿಲಾಸಂಧಿಗಳ ಸಚಿತ್ರ ಸೂಚಿಯೊಂದನ್ನು ಸಿದ್ಧಪಡಿಸುವುದು, ಅವುಗಳಲ್ಲಿ ಪ್ರಾತಿನಿಧಿಕವಾದ ಕೆಲವನ್ನಾದರೂ ಸಂರಕ್ಷಿತವೆಂದು ಘೋಷಿಸುವುದು ಮತ್ತು ಶಿಲೆಗಳ ಸ್ಥಳೀಯ ಹೆಸರುಗಳನ್ನು ಸಂಗ್ರಹಿಸುವುದು ತುರ್ತಾಗಿ ಆಗಬೇಕಾದ ಕಾರ್ಯಗಳಾಗಿವೆ. ಶಾಸನಗಳ ವಿಷಯದಲ್ಲಿ ನಮ್ಮ ಹಿರಿಯರು ಊರೂರು ತಿರುಗಿ ಮಾಡಿದ ಕೆಲಸವನ್ನು ಶಿಲೆಗಳ ವಿಷಯದಲ್ಲಿ ಇತಿಹಾಸಕಾರರೂ ಭೂವಿಜ್ಞಾನಿಗಳೂ ಕೂಡಿ ಕೈಗೊಳ್ಳಬೇಕಾಗಿದೆ.